ಹಾಡು ಮುಗಿದ ಮೇಲೆ ಕರೆಂಟು ಏಕೆ?

ಇಂದಿನ ಮಾತು ಒಂದು ಸಣ್ಣ ಸ್ವಿಚ್ಚಿನ ಬಗ್ಗೆ. ಹಾಡು ಕೇಳುವ ಯಂತ್ರ ಒಂದಲ್ಲ ಒಂದು ಎಲ್ಲರ ಮನೆಯಲ್ಲೂ ಇದೆ. ಕೆಲವರಲ್ಲಿ ಅಜ್ಜನ ಕಾಲದ ವಾಲ್ವ್ ರೇಡಿಯೊ. ಕೆಲವರಲ್ಲಿ ಆಂಪ್ಲಿಫೈಯರು, ಅದರ ಎರಡೂ ಬದಿಗೆ ದೊಡ್ಡ ಸ್ಪೀಕರು. ಇನ್ನು ಕೆಲವರಲ್ಲಿ ಟೀವಿಯ ಕೆಳಗೊಂದು ಸೌಂಡ್‌ಬಾರ್, ಇಲ್ಲವೇ ಹೋಮ್ ಥಿಯೇಟರ್. ಸಂಜೆ ಹಾಡು ಕೇಳಿದಿರಿ. ಹಾಡು ಮುಗಿಯಿತು. ಈಗ ಆ ಯಂತ್ರವನ್ನು ಆರಿಸಬೇಕೋ, ಹಾಗೇ ಬಿಡಬೇಕೋ? ಇದೇ ನಮ್ಮ ಪ್ರಶ್ನೆ.

ಇದರಲ್ಲಿ ಎರಡು ಪಕ್ಷಗಳಿವೆ. ಒಂದು ಪಕ್ಷದವರು ಆಂಪ್ಲಿಫೈಯರನ್ನು ಆರಿಸುವುದೇ ಇಲ್ಲ. ಪದೇ ಪದೇ ಹಾಕಿ ತೆಗೆದರೆ ಯಂತ್ರಕ್ಕೆ ಪೆಟ್ಟು ಎನ್ನುತ್ತಾರೆ. ಸದಾ ಕಾವಿನಲ್ಲಿದ್ದರೆ ನಾದ ಹೆಚ್ಚು ಇಂಪು ಎನ್ನುತ್ತಾರೆ. ಇನ್ನೊಂದು ಪಕ್ಷದವರು ಹಾಡು ಮುಗಿದ ಕೂಡಲೇ ಪ್ಲಗ್ಗನ್ನೇ ಕಿತ್ತಿಡುತ್ತಾರೆ. ಕೇಳದ ಯಂತ್ರಕ್ಕೆ ಕರೆಂಟು ದಂಡ ಎನ್ನುತ್ತಾರೆ. ಇಬ್ಬರೂ ತಮ್ಮ ಯಂತ್ರವನ್ನು ಪ್ರೀತಿಸುವವರೇ. ಇಬ್ಬರ ಮಾತಿನಲ್ಲೂ ಸತ್ಯವಿದೆ. ಆದರೆ ಆ ಸತ್ಯ ಎಷ್ಟು, ಯಾವ ಯಂತ್ರಕ್ಕೆ ಸಲ್ಲುತ್ತದೆ ಎಂಬುದನ್ನು ತೂಗಿ ನೋಡಬೇಕು.

ನನ್ನ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಮನೆಯಲ್ಲಿ ಹಾಡು ಕೇಳುವ ಯಂತ್ರವನ್ನು ಕೇಳುವಾಗ ಹಾಕಿ, ಕೇಳಿ ಮುಗಿದಾಗ ಆರಿಸಿ. ಇದಕ್ಕೆ ಕೆಲವು ಅಪವಾದಗಳಿವೆ. ಅವನ್ನೂ ಹೇಳುತ್ತೇನೆ. ಈಗ ಕಾರಣಗಳನ್ನು ಒಂದೊಂದಾಗಿ ನೋಡೋಣ.

ಮೊದಲು, 'ಆರಿಸಲೇಬಾರದು' ಎಂಬ ನಂಬಿಕೆ ಎಲ್ಲಿಂದ ಬಂತು? ಇದು ಹುರುಳಿಲ್ಲದ ನಂಬಿಕೆ ಅಲ್ಲ. ಇದರ ಹಿಂದೆ ದೊಡ್ಡ ಎಂಜಿನಿಯರುಗಳ ಅನುಭವವಿದೆ.

ಎರಡನೆಯ ಮಹಾಯುದ್ಧದ ಕಾಲಕ್ಕೆ ಹೋಗೋಣ. ಲಂಡನ್ನಿನ ಡಾಲಿಸ್ ಹಿಲ್‌ನಲ್ಲಿ ಬ್ರಿಟಿಷ್ ಅಂಚೆ ಇಲಾಖೆಯ ಸಂಶೋಧನಾಲಯವಿತ್ತು. ಅಲ್ಲಿ ಟಾಮಿ ಫ್ಲವರ್ಸ್ ಎಂಬ ಎಂಜಿನಿಯರು ಕೆಲಸ ಮಾಡುತ್ತಿದ್ದರು. ಟೆಲಿಫೋನ್ ವ್ಯವಸ್ಥೆಯಲ್ಲಿ ಸಾವಿರಾರು ವಾಲ್ವ್‌ಗಳನ್ನು ಬಳಸಿ ಅವರಿಗೆ ಅನುಭವವಿತ್ತು. ವಾಲ್ವ್ ಅಂದರೆ ಗಾಜಿನ ಬುರುಡೆ. ಒಳಗೆ ಗಾಳಿ ಇರುವುದಿಲ್ಲ. ಒಂದು ತಂತಿ ಕೆಂಪಗೆ ಕಾಯುತ್ತದೆ. ಆ ಕಾವಿನಿಂದಲೇ ವಾಲ್ವ್ ಕೆಲಸ ಮಾಡುತ್ತದೆ. ವಾಲ್ವ್ ಕೆಡುವುದು ಹೆಚ್ಚಾಗಿ ಹಾಕುವಾಗ, ತೆಗೆಯುವಾಗ ಎಂಬುದನ್ನು ಫ್ಲವರ್ಸ್ ಬಲ್ಲವರಾಗಿದ್ದರು. ಆರಿಸದೆ ಬಿಟ್ಟರೆ ಸಾವಿರ ವಾಲ್ವ್ ಕೂಡ ನೆಚ್ಚಿಕೆಯಿಂದ ನಡೆಯುತ್ತವೆ ಎಂದು ಅವರು ವಾದಿಸಿದರು. ಕೇಳಿದ ಹಲವರು ನಂಬಲಿಲ್ಲ. ಆದರೂ ಅವರು ಕೊಲೋಸಸ್ ಎಂಬ ಯಂತ್ರವನ್ನು ಕಟ್ಟಿದರು. ಅದರಲ್ಲಿ ಸುಮಾರು 1,600 ವಾಲ್ವ್‌ಗಳಿದ್ದವು. 1944ರ ಆರಂಭದಲ್ಲಿ ಅದು ಬ್ಲೆಚ್ಲಿ ಪಾರ್ಕ್‌ನಲ್ಲಿ ಜರ್ಮನ್ನರ ಗುಪ್ತ ಸಂದೇಶಗಳನ್ನು ಒಡೆಯುವ ಕೆಲಸಕ್ಕೆ ಕೂತಿತು. ಫ್ಲವರ್ಸ್ ಮಾತು ನಿಜವಾಯಿತು.

ಅಮೆರಿಕದಲ್ಲೂ ಇದೇ ಅನುಭವ. 1946ರಲ್ಲಿ ಫಿಲಡೆಲ್ಫಿಯಾ ನಗರದಲ್ಲಿ ಎನಿಯಾಕ್ ಎಂಬ ಗಣಕವನ್ನು ಲೋಕಕ್ಕೆ ತೋರಿಸಿದರು. ಅದರಲ್ಲಿ ಸುಮಾರು 18,000 ವಾಲ್ವ್‌ಗಳು. ಅವು ಹೆಚ್ಚಾಗಿ ಸುಡುತ್ತಿದ್ದದ್ದು ಯಂತ್ರ ಬಿಸಿಯಾಗುವಾಗ ಮತ್ತು ತಣಿಯುವಾಗ. ಹಾಗಾಗಿ ಅದನ್ನು ಆರಿಸದೆ ಇಡುವುದೇ ಮೇಲೆಂದು ಕಂಡುಕೊಂಡರು.

ಇದಕ್ಕೆ ಕಾರಣವೂ ಸ್ಪಷ್ಟ. ತಣ್ಣಗಿರುವ ತಂತಿ ಕರೆಂಟಿಗೆ ಹೆಚ್ಚು ತಡೆ ಒಡ್ಡುವುದಿಲ್ಲ. ಸ್ವಿಚ್ ಹಾಕಿದ ಕ್ಷಣ ಒಮ್ಮೆಲೇ ಜೋರಾಗಿ ಕರೆಂಟು ನುಗ್ಗುತ್ತದೆ. ಲೋಹ ಹಿಗ್ಗುತ್ತದೆ. ಆರಿಸಿದಾಗ ಕುಗ್ಗುತ್ತದೆ. ತಣ್ಣನೆಯ ಗಾಜಿನ ಲೋಟಕ್ಕೆ ಕುದಿಯುವ ಕಾಫಿ ಸುರಿದರೆ ಲೋಟಕ್ಕೆ ಏನಾಗುತ್ತದೋ, ಅಂಥದೇ ಪೆಟ್ಟು ಅಲ್ಲಿಯೂ ಬೀಳುತ್ತದೆ.

ಇಷ್ಟರವರೆಗೆ ಹೇಳಿದ್ದು ಇದು. 'ಆರಿಸಬೇಡಿ' ಎಂಬ ನಿಯಮ ಹುಟ್ಟಿದ್ದು ಸಾವಿರಾರು ವಾಲ್ವ್‌ಗಳ ಯಂತ್ರದಲ್ಲಿ. ಅಲ್ಲಿ ಅದು ಸರಿ. ಈಗ ಕೇಳಬೇಕಾದದ್ದು, ಅದು ನಮ್ಮ ಮನೆಗೂ ಸರಿಯೇ?

ಒಂದು ಲೆಕ್ಕ ಹಾಕೋಣ. ಪ್ರತಿ ಸಲ ಹಾಕಿದಾಗ 18,000 ವಾಲ್ವ್‌ಗಳಲ್ಲಿ ಒಂದು ಸುಡುತ್ತದೆ ಎಂದು ಲೆಕ್ಕಕ್ಕಾಗಿ ಇಟ್ಟುಕೊಳ್ಳಿ. ಎನಿಯಾಕ್‌ನಂಥ ಯಂತ್ರದಲ್ಲಿ ಪ್ರತಿ ಬೆಳಗ್ಗೆಯೂ ಒಂದು ವಾಲ್ವ್ ಹುಡುಕಿ ಬದಲಿಸಬೇಕು. ದೊಡ್ಡ ತಲೆನೋವು. ನಿಮ್ಮ ಮನೆಯ ರೇಡಿಯೊದಲ್ಲಿರುವುದು ಐದು ವಾಲ್ವ್. ಅದೇ ಲೆಕ್ಕದಂತೆ ಅದರಲ್ಲಿ ಒಂದು ಸುಡಬೇಕಾದರೆ 3,600 ಸಲ ಹಾಕಬೇಕು. ದಿನಕ್ಕೆ ಒಂದು ಸಲ ಹಾಕಿದರೂ ಹತ್ತು ವರ್ಷ ಹಿಡಿಯುತ್ತದೆ. ಪೆಟ್ಟು ಅದೇ. ಸಂಖ್ಯೆ ಬೇರೆ. ಸಂಖ್ಯೆ ಬದಲಾದಾಗ ನಿಯಮವೂ ಬದಲಾಗುತ್ತದೆ.

ಆರಿಸಬಾರದು ಎನ್ನುವವರು ಇನ್ನೊಂದು ಉದಾಹರಣೆ ಕೊಡುತ್ತಾರೆ. ಕ್ಯಾಲಿಫೋರ್ನಿಯಾದ ಲಿವರ್‌ಮೋರ್ ಊರಿನ ಅಗ್ನಿಶಾಮಕ ಠಾಣೆಯಲ್ಲಿ ಒಂದು ವಿದ್ಯುತ್ ಬಲ್ಬ್ ಇದೆ. 1901ರಿಂದ ಉರಿಯುತ್ತಿದೆ. ನೋಡಿ, ಆರಿಸದೆ ಇದ್ದದ್ದಕ್ಕೇ ಅದು ನೂರು ವರ್ಷ ದಾಟಿತು ಎನ್ನುತ್ತಾರೆ. ಆದರೆ ಆ ಬಲ್ಬ್ ಈಗ ಉರಿಯುವುದು ಸುಮಾರು 4 ವಾಟ್‌ನಷ್ಟು ಮಂದವಾಗಿ. ಅದರ ತಂತಿ ಇಂಗಾಲದ್ದು. ನಮ್ಮ ಹಳೆಯ ಬಲ್ಬುಗಳ ತಂತಿಯಂತೆ ಅದು ಬೆಳ್ಳಗೆ ಕಾಯುವುದೇ ಇಲ್ಲ. 2013ರಲ್ಲಿ ಅದಕ್ಕೆ ಕರೆಂಟು ಕೊಡುವ ಉಪಕರಣ ಕೆಟ್ಟು ಬಲ್ಬ್ ಒಂಬತ್ತು ಗಂಟೆಗೂ ಹೆಚ್ಚು ಹೊತ್ತು ಆರಿಹೋಗಿತ್ತು. ಮತ್ತೆ ಕರೆಂಟು ಕೊಟ್ಟಾಗ ಏನೂ ಆಗದಂತೆ ಹತ್ತಿಕೊಂಡಿತು. ಹಾಗಾದರೆ ಅದನ್ನು ಬಾಳಿಸಿದ್ದು ಯಾವುದು? ಕಡಿಮೆ ಕಾವು. ಈ ಮಾತು ನೆನಪಿರಲಿ. ಮುಂದಿನ ವಿಷಯವೆಲ್ಲ ಕಾವಿನದೇ.

ನಮ್ಮ ಯಂತ್ರದ ಒಳಗೆ ಮುಪ್ಪಾಗುವುದು ಏನೇನು? ಮುಖ್ಯವಾಗಿ ಎರಡು. ವಾಲ್ವ್ ಯಂತ್ರವಾದರೆ ವಾಲ್ವ್‌ಗಳು. ಟ್ರಾನ್ಸಿಸ್ಟರ್ ಯಂತ್ರವಾದರೆ ಕೆಪಾಸಿಟರ್‌ಗಳು. ರಿಪೇರಿ ಅಂಗಡಿಯಲ್ಲಿ ಇವನ್ನೇ ಕಂಡೆನ್ಸರ್ ಎನ್ನುತ್ತಾರೆ.

ವಾಲ್ವ್ ವಿಷಯ ಮೊದಲು. ಸ್ಪೀಕರಿಗೆ ಬಲ ಕೊಡುವ ದೊಡ್ಡ ವಾಲ್ವ್‌ಗಳ ಆಯುಸ್ಸು ಸಾಮಾನ್ಯವಾಗಿ ಎರಡು ಮೂರು ಸಾವಿರ ಗಂಟೆ. ಒಂದು ವರ್ಷಕ್ಕೆ ಗಂಟೆಗಳೆಷ್ಟು? ಸುಮಾರು 8,800. ದಿನಕ್ಕೆ ಎರಡು ಗಂಟೆ ಕೇಳಿದರೆ ಆ ವಾಲ್ವ್ ಮೂರು ನಾಲ್ಕು ವರ್ಷ ಬಾಳುತ್ತದೆ. ಹಗಲೂ ರಾತ್ರಿ ಹಾಗೇ ಬಿಟ್ಟರೆ ಮೂರು ನಾಲ್ಕು ತಿಂಗಳಲ್ಲಿ ಅದರ ಕಥೆ ಮುಗಿಯುತ್ತದೆ. ಹಾಡು ಕೇಳಿದ ಹೊತ್ತು ಅಷ್ಟೇ. ಖರ್ಚಾದ ಆಯುಸ್ಸು ಹನ್ನೆರಡು ಪಟ್ಟು. ಒಂದು ಕಾಲದಲ್ಲಿ ನಮ್ಮ ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯಲ್ಲೇ ರೇಡಿಯೊ ವಾಲ್ವ್‌ಗಳು ತಯಾರಾಗುತ್ತಿದ್ದವು. ಆಗ ಬದಲಿ ವಾಲ್ವ್ ಸಿಗುತ್ತಿತ್ತು. ಈಗ ಹಳೆಯ ವಾಲ್ವ್ ಹುಡುಕಿ ತರುವುದೇ ಕಷ್ಟ. ಹಾಗಾಗಿ ವಾಲ್ವ್ ಯಂತ್ರ ಇರುವವರಿಗೆ ನನ್ನ ಮಾತು ಖಂಡಿತ. ಅದನ್ನು ಸದಾ ಉರಿಸಬೇಡಿ.

ಇನ್ನು ಕೆಪಾಸಿಟರ್. ಆಂಪ್ಲಿಫೈಯರಿನ ಮುಚ್ಚಳ ತೆಗೆದರೆ ಸಣ್ಣ ಡಬ್ಬಿಗಳಂತೆ ನಿಂತಿರುವ ಭಾಗಗಳು ಕಾಣುತ್ತವೆ. ಕೆಲವು ಕಿರುಬೆರಳ ತುದಿಯಷ್ಟು. ಕೆಲವು ಹಿಡಿ ಗಾತ್ರ. ಇವು ಕರೆಂಟನ್ನು ಕೂಡಿಟ್ಟು, ಏರಿಳಿತ ಇಲ್ಲದಂತೆ ಕೊಡುತ್ತವೆ. ಇವುಗಳ ಒಳಗೆ ತೇವದ ಒಂದು ದ್ರಾವಣವಿರುತ್ತದೆ. ಕಾವಿಗೆ ಅದು ನಿಧಾನವಾಗಿ ಒಣಗುತ್ತದೆ. ಒಣಗಿದಂತೆ ಕೆಪಾಸಿಟರ್ ಸೊರಗುತ್ತದೆ. ಕೆಟ್ಟ ಕೆಪಾಸಿಟರನ್ನು ಗುರುತಿಸುವುದು ಹಲವು ಸಲ ಸುಲಭ. ಅದರ ತಲೆ ಚಪ್ಪಟೆಯಾಗಿರುವ ಬದಲು ಉಬ್ಬಿರುತ್ತದೆ. ಬುಡದಲ್ಲಿ ಕಂದು ಬಣ್ಣದ ಅಂಟು ಒಸರಿರುತ್ತದೆ. ಆಗ ಸ್ಪೀಕರಿನಲ್ಲಿ 'ಹುಂ' ಎಂಬ ಗುಂಯ್‌ಗುಡುವಿಕೆ ಕೇಳಿಬರುತ್ತದೆ. ಹಾಡು ನಿಂತರೂ ಆ ಸದ್ದು ನಿಲ್ಲುವುದಿಲ್ಲ.

ಕೆಪಾಸಿಟರಿನ ಆಯುಸ್ಸಿಗೆ ಎಂಜಿನಿಯರುಗಳು ಒಂದು ಸರಳ ಸೂತ್ರ ಇಟ್ಟುಕೊಂಡಿದ್ದಾರೆ. ಕಾವು 10 ಡಿಗ್ರಿ ಇಳಿದರೆ ಆಯುಸ್ಸು ಎರಡು ಪಟ್ಟು. 10 ಡಿಗ್ರಿ ಏರಿದರೆ ಅರ್ಧ. ಸ್ವೀಡನ್ನಿನ ರಸಾಯನ ವಿಜ್ಞಾನಿ ಅರೇನಿಯಸ್ ಅವರು ಕಾವಿಗೂ ರಾಸಾಯನಿಕ ಕ್ರಿಯೆಯ ವೇಗಕ್ಕೂ ಇರುವ ಸಂಬಂಧವನ್ನು ತೋರಿಸಿಕೊಟ್ಟಿದ್ದರು. ಅದರಿಂದಲೇ ಬಂದ ಸೂತ್ರ ಇದು. ಕೆಲವು ಕೆಪಾಸಿಟರಿನ ಮೈಮೇಲೆ 85 ಡಿಗ್ರಿ ಎಂದು ಅಚ್ಚಾಗಿರುತ್ತದೆ. ಅಷ್ಟು ಕಾವಿನಲ್ಲಿ ಅದು 2,000 ಗಂಟೆ ಬಾಳುವಂಥದ್ದು ಎಂದಿಟ್ಟುಕೊಳ್ಳಿ. 55 ಡಿಗ್ರಿಯಲ್ಲಿ ಅದು 16,000 ಗಂಟೆ ಬಾಳುತ್ತದೆ. ದಿನಕ್ಕೆ ಎರಡು ಗಂಟೆ ಬಳಸಿದರೆ ಇಪ್ಪತ್ತು ವರ್ಷಕ್ಕೂ ಹೆಚ್ಚು. ಸದಾ ಹಾಕಿಟ್ಟರೆ ಎರಡು ವರ್ಷಕ್ಕೂ ಕಡಿಮೆ. ಇದು ಕಾಗದದ ಮೇಲಿನ ಲೆಕ್ಕ. ನಿಜದಲ್ಲಿ ಕೆಪಾಸಿಟರ್‌ಗಳು ಇದಕ್ಕಿಂತ ಹೆಚ್ಚು ಬಾಳುವುದುಂಟು. ಆರಿಸಿಟ್ಟಾಗಲೂ ಅವಕ್ಕೆ ವಯಸ್ಸಾಗುತ್ತದೆ, ಆದರೆ ಬಲು ನಿಧಾನವಾಗಿ. ಎಷ್ಟು ಬಾಳುತ್ತದೆ ಎಂಬುದು ಆಚೀಚೆ ಆದರೂ ಯಾವುದು ಹೆಚ್ಚು, ಯಾವುದು ಕಡಿಮೆ ಎಂಬುದು ಬದಲಾಗದು.

ಆಗಾಗ ಹಾಕಿ ತೆಗೆದರೆ ಸ್ವಿಚ್ಚು ಸವೆಯುವುದಿಲ್ಲವೇ ಎಂದು ನೀವು ಕೇಳಬಹುದು. ಸವೆಯುತ್ತದೆ. ಆಂಪ್ಲಿಫೈಯರು ಹಾಕಿದ ಮೇಲೆ ಕೆಲವು ಸೆಕೆಂಡು ಕಳೆದು 'ಟಿಕ್' ಎಂದು ಸದ್ದಾಗುತ್ತದಲ್ಲ, ಅದು ರಿಲೇ. ಸ್ಪೀಕರನ್ನು ಕಾಯುವ ಕಾವಲುಗಾರ. ಸಾಮಾನ್ಯ ರಿಲೇಯನ್ನು ಸುಮಾರು ಒಂದು ಲಕ್ಷ ಸಲ ಕೆಲಸ ಮಾಡುವಂತೆ ತಯಾರಿಸುತ್ತಾರೆ. ದಿನಕ್ಕೆ ಎರಡು ಸಲ ಬಳಸಿದರೂ ನೂರು ವರ್ಷ ಮೀರಿತು. ಅದರ ಚಿಂತೆ ಬೇಡ.

ಹಾಗಾದರೆ ಈವರೆಗಿನ ಸಾರ ಎರಡು ಮಾತು. ಹಾಕಿ ತೆಗೆಯುವ ಪೆಟ್ಟು ಮನೆಯ ಯಂತ್ರಕ್ಕೆ ಸಣ್ಣದು. ಸದಾ ಕಾಯುವ ಕಾವಿನ ಪೆಟ್ಟು ದೊಡ್ಡದು. ಈಗ ಕರೆಂಟಿನ ಖರ್ಚಿಗೆ ಬರೋಣ.

ಹಾಡು ಇಲ್ಲದಿದ್ದಾಗ ಆಂಪ್ಲಿಫೈಯರು ಕರೆಂಟು ತಿನ್ನುವುದಿಲ್ಲ ಎಂದು ಬಹಳ ಜನ ತಿಳಿದಿದ್ದಾರೆ. ಅದು ತಪ್ಪು. ಆಂಪ್ಲಿಫೈಯರುಗಳಲ್ಲಿ ಮುಖ್ಯವಾಗಿ ಮೂರು ಜಾತಿ. 'ಎ' ವರ್ಗದ್ದು ಹಾಡು ಇದ್ದರೂ ಇಲ್ಲದಿದ್ದರೂ ಒಂದೇ ಸಮ ಕರೆಂಟು ಎಳೆಯುತ್ತದೆ. ಕೆಲವು 200 ವಾಟ್ ಎಳೆಯುತ್ತವೆ. ಮುಟ್ಟಿದರೆ ಕೈ ಹಿಂತೆಗೆಯುವಷ್ಟು ಬಿಸಿ. 'ಎಬಿ' ವರ್ಗದ್ದು ಸುಮ್ಮನಿದ್ದಾಗ 30ರಿಂದ 60 ವಾಟ್. ನಮ್ಮ ಮನೆಗಳಲ್ಲಿರುವ ಹಳೆಯ ಆಂಪ್ಲಿಫೈಯರುಗಳಲ್ಲಿ ಹೆಚ್ಚಿನವು ಈ ಜಾತಿಯವು. ಮೂರನೆಯದು 'ಡಿ' ವರ್ಗ. ಈಗಿನ ಸೌಂಡ್‌ಬಾರ್, ಸಣ್ಣ ಸ್ಪೀಕರುಗಳಲ್ಲಿ ಇದೇ ಇರುತ್ತದೆ. ಇದು ಸುಮ್ಮನಿದ್ದಾಗ ಎಳೆಯುವುದು ಕೆಲವೇ ವಾಟ್.

ನಡುವಿನದನ್ನೇ ಹಿಡಿಯೋಣ. 40 ವಾಟ್. ಹಗಲೂ ರಾತ್ರಿ ಬಿಟ್ಟರೆ ತಿಂಗಳಿಗೆ ಹತ್ತಿರ ಹತ್ತಿರ 30 ಯೂನಿಟ್. ವರ್ಷಕ್ಕೆ 350 ಯೂನಿಟ್. ಯೂನಿಟ್ಟಿಗೆ 6 ರೂಪಾಯಿಯಂತೆ ಹಿಡಿದರೆ 2,000 ರೂಪಾಯಿ ದಾಟುತ್ತದೆ. ಇದು ಹಾಡಿಗೆ ಕೊಟ್ಟ ಹಣವಲ್ಲ, ಮೌನಕ್ಕೆ ಕೊಟ್ಟ ಹಣ.

ನಮ್ಮ ಕರ್ನಾಟಕ ಸರ್ಕಾರದ ಗೃಹಜ್ಯೋತಿ ಯೋಜನೆ ಇದೆಯಲ್ಲ, ಕರೆಂಟು ಪುಕ್ಕಟೆಯಲ್ಲವೇ ಎನ್ನಬಹುದು. 2023ರಲ್ಲಿ ಶುರುವಾದ ಆ ಯೋಜನೆಗೆ ತಿಂಗಳಿಗೆ 200 ಯೂನಿಟ್ಟಿನ ಮಿತಿ ಇದೆ. ಮಿತಿ ದಾಟಿದ ತಿಂಗಳು ಇಡೀ ಬಿಲ್ಲು ನಿಮ್ಮ ತಲೆಯ ಮೇಲೆ. 180 ಯೂನಿಟ್ ಬಳಸುವ ಮನೆಗೆ ಈ 30 ಯೂನಿಟ್ ಸೇರಿದರೆ ಏನಾಗುತ್ತದೆ ಎಂದು ನೀವೇ ಕೂಡಿಸಿ ನೋಡಿ. ಇನ್ವರ್ಟರ್ ಇರುವ ಮನೆಯಲ್ಲಿ ಇನ್ನೊಂದು ನಷ್ಟ. ಕರೆಂಟು ಹೋದಾಗ ದೀಪಕ್ಕೆ, ಫ್ಯಾನಿಗೆ ಬೇಕಾದ ಬ್ಯಾಟರಿಯನ್ನು ಈ ಯಂತ್ರವೂ ಹೀರುತ್ತದೆ.

ಈ 40 ವಾಟ್ ಎಷ್ಟು ದೊಡ್ಡದು ಎಂದು ತಿಳಿಯಲು ನಮ್ಮದೇ ಚರಿತ್ರೆ ನೋಡೋಣ. 1935ರ ಸೆಪ್ಟೆಂಬರಿನಲ್ಲಿ ಮೈಸೂರಿನ ಒಂಟಿಕೊಪ್ಪಲಿನಲ್ಲಿ ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದಲೇ ಬಾನುಲಿ ಪ್ರಸಾರ ಶುರು ಮಾಡಿದರು. ಅವರು ಮನಃಶಾಸ್ತ್ರದ ಅಧ್ಯಾಪಕರು. ಆ ಮೊದಲ ಪ್ರಸಾರ ಯಂತ್ರ ಹೊರಗೆ ಬಿಡುತ್ತಿದ್ದ ಬಲ 30 ವಾಟ್. ಅಷ್ಟು ಬಲದಲ್ಲಿ ಕನ್ನಡದ ಮಾತು, ಸಂಗೀತ ಊರವರ ಕಿವಿಗೆ ಮುಟ್ಟಿತು. ಅದಕ್ಕಿಂತ ಹೆಚ್ಚು ಶಕ್ತಿಯನ್ನು ನಾವು ಯಾರೂ ಕೇಳದ ಆಂಪ್ಲಿಫೈಯರಿನಲ್ಲಿ ರಾತ್ರಿಯಿಡೀ ಸುಡುತ್ತಿದ್ದೇವೆ. ಇದು ನನಗೆ ನಿಜಕ್ಕೂ ಬೇಸರದ ಸಂಗತಿ.

ನಿಮ್ಮ ಮನೆಯ ಯಂತ್ರ ಎಷ್ಟು ತಿನ್ನುತ್ತದೆ ಎಂದು ನೀವೇ ಅಳೆಯಬಹುದು. ಯಾವ ಹೊಸ ಉಪಕರಣವೂ ಬೇಡ. ಮನೆಯ ಕರೆಂಟು ಮೀಟರಿನ ಮುಂದೆ ನಿಲ್ಲಿ. ಅದರಲ್ಲಿ ಒಂದು ಸಣ್ಣ ಕೆಂಪು ದೀಪ ಮಿಣುಕುತ್ತಿರುತ್ತದೆ. ಪಕ್ಕದಲ್ಲಿ 3200 ಅಥವಾ 1600 ಎಂಬ ಸಂಖ್ಯೆ ಅಚ್ಚಾಗಿರುತ್ತದೆ. ಒಂದು ಯೂನಿಟ್ಟಿಗೆ ಅಷ್ಟು ಸಲ ಮಿಣುಕುತ್ತದೆ ಎಂದು ಅರ್ಥ. ಈಗ ಫ್ರಿಜ್ಜು, ಫ್ಯಾನು, ದೀಪ ಎಲ್ಲ ಆರಿಸಿ. ಆಂಪ್ಲಿಫೈಯರೊಂದನ್ನೇ ಹಾಕಿ. ಹಾಡು ಬೇಡ. ಒಂದು ಮಿಣುಕಿನಿಂದ ಮುಂದಿನ ಮಿಣುಕಿಗೆ ಎಷ್ಟು ಹೊತ್ತು ಎಂದು ಗಡಿಯಾರದಲ್ಲಿ ನೋಡಿ. 3200ರ ಮೀಟರಿನಲ್ಲಿ ಅರ್ಧ ನಿಮಿಷಕ್ಕೆ ಒಮ್ಮೆ ಮಿಣುಕಿದರೆ ನಿಮ್ಮ ಯಂತ್ರ ಸುಮಾರು 40 ವಾಟ್ ಎಳೆಯುತ್ತಿದೆ. ಒಂದು ನಿಮಿಷಕ್ಕೆ ಒಮ್ಮೆಯಾದರೆ ಸುಮಾರು 20 ವಾಟ್. ಹತ್ತು ಸೆಕೆಂಡಿಗೆ ಒಮ್ಮೆಯಾದರೆ 100 ವಾಟ್ ದಾಟಿದೆ. ಮಕ್ಕಳನ್ನು ಜೊತೆಗೆ ಕರೆದುಕೊಂಡು ಮಾಡಿ. ಅವರಿಗೂ ಒಳ್ಳೆಯ ಪಾಠ.

ಸ್ಟ್ಯಾಂಡ್‌ಬೈ ವಿಷಯವೂ ಇಲ್ಲೇ ಬರುತ್ತದೆ. ರಿಮೋಟಿನಿಂದ ಆರಿಸಿದಾಗ ಯಂತ್ರ ಪೂರ್ತಿ ಆರುವುದಿಲ್ಲ. ರಿಮೋಟಿನ ಸನ್ನೆಗಾಗಿ ಕಾಯುತ್ತಿರುತ್ತದೆ. ಇಪ್ಪತ್ತು ಮೂವತ್ತು ವರ್ಷ ಹಿಂದಿನ ಕೆಲವು ಯಂತ್ರಗಳು ಹೀಗೆ ಕಾಯಲು 10 ವಾಟ್ ತೆಗೆದುಕೊಳ್ಳುತ್ತಿದ್ದವು. 1999ರಲ್ಲಿ ಅಂತರರಾಷ್ಟ್ರೀಯ ಇಂಧನ ಸಂಸ್ಥೆ ಇದನ್ನು ಒಂದು ವಾಟ್‌ಗೆ ಇಳಿಸಬೇಕು ಎಂದು ಕರೆ ಕೊಟ್ಟಿತು. 2013ರಿಂದ ಯುರೋಪಿನ ಒಕ್ಕೂಟ ಅರ್ಧ ವಾಟ್‌ನ ಮಿತಿ ಹಾಕಿತು. ಅರ್ಧ ವಾಟ್ ಎಂದರೆ ವರ್ಷಕ್ಕೆ ನಾಲ್ಕೈದು ಯೂನಿಟ್. ಅದು ಲೆಕ್ಕಕ್ಕಿಲ್ಲ. ಹಾಗಾಗಿ ಹೊಸ ಯಂತ್ರವನ್ನು ಸ್ಟ್ಯಾಂಡ್‌ಬೈನಲ್ಲಿ ಬಿಟ್ಟರೆ ಕರೆಂಟಿನ ದೃಷ್ಟಿಯಿಂದ ತಪ್ಪಿಲ್ಲ. ಹಳೆಯದನ್ನು ಬೋರ್ಡಿನಲ್ಲೇ ಆರಿಸಿ. ವೈಫೈ ಮೂಲಕ ಕರೆ ಬಂದಾಗ ಏಳುವ ಯಂತ್ರಗಳು ಸ್ಟ್ಯಾಂಡ್‌ಬೈನಲ್ಲೂ ಕೆಲವು ವಾಟ್ ಎಳೆಯುತ್ತವೆ. ಆ ಸೌಲಭ್ಯ ಬೇಡವಾದರೆ ಅದನ್ನು ತೆಗೆದುಬಿಡಿ.

ಈವರೆಗೆ ಆಯುಸ್ಸನ್ನು ನೋಡಿದೆವು, ಖರ್ಚನ್ನು ನೋಡಿದೆವು. ಎರಡರಲ್ಲೂ ಆರಿಸುವುದೇ ಲಾಭ. ಈಗ ರಸಿಕರ ಪ್ರಶ್ನೆ. ಕಾವಿನಲ್ಲಿದ್ದರೆ ನಾದ ಇಂಪಾಗುತ್ತದೆಯೇ?

ಇದರಲ್ಲಿ ನಿಜವಿದೆ. ಟ್ರಾನ್ಸಿಸ್ಟರಿನ ನಡತೆ ಕಾವಿನೊಂದಿಗೆ ಬದಲಾಗುತ್ತದೆ. ತಣ್ಣಗಿದ್ದಾಗ ಒಂದು ರೀತಿ, ಬಿಸಿಯಾದಾಗ ಇನ್ನೊಂದು ರೀತಿ. ಯಂತ್ರವನ್ನು ರಚಿಸಿದವರು ಅದು ಬಿಸಿಯಾದ ಸ್ಥಿತಿಗೇ ಹೊಂದಿಸಿರುತ್ತಾರೆ. ವಾಲ್ವ್ ಯಂತ್ರವಂತೂ ಹಾಕಿದ ಅರ್ಧ ನಿಮಿಷ ಮಾತೇ ಆಡುವುದಿಲ್ಲ. ಆದರೆ ಈ ಹೊಂದಾಣಿಕೆಗೆ ಎಷ್ಟು ಹೊತ್ತು ಬೇಕು? ಸಾಮಾನ್ಯವಾಗಿ ಇಪ್ಪತ್ತರಿಂದ ಮೂವತ್ತು ನಿಮಿಷ. ಯಂತ್ರದ ಮೇಲ್ಭಾಗ ಮುಟ್ಟಿ ನೋಡಿ. ಅರ್ಧ ಗಂಟೆಯ ನಂತರ ಅದರ ಬಿಸಿ ಹೆಚ್ಚುವುದು ಬಹುಮಟ್ಟಿಗೆ ನಿಲ್ಲುತ್ತದೆ. ಒಳಗೂ ಹಾಗೆಯೇ. ಅರ್ಧ ಗಂಟೆಯ ಕಾವಿಗಾಗಿ ಇಪ್ಪತ್ನಾಲ್ಕು ಗಂಟೆ ಉರಿಸಬೇಕಾಗಿಲ್ಲ.

ನಂಬಿಕೆ ಬಾರದಿದ್ದರೆ ಒಂದು ಪರೀಕ್ಷೆ ಮಾಡಿ. ಮನೆಯವರಿಗೆ ಹೇಳಿ. ಕೆಲವು ಸಂಜೆ ಅವರು ಯಂತ್ರವನ್ನು ಬೆಳಗ್ಗೆಯಿಂದಲೇ ಹಾಕಿಟ್ಟಿರಲಿ. ಕೆಲವು ಸಂಜೆ ನೀವು ಕೂರುವ ಅರ್ಧ ಗಂಟೆ ಮುಂಚೆ ಮಾತ್ರ ಹಾಕಲಿ. ಯಾವ ದಿನ ಹೇಗೆ ಎಂದು ನಿಮಗೆ ಹೇಳದೆ ಬರೆದಿಡಲಿ. ನೀವು ಯಂತ್ರ ಮುಟ್ಟದೆ, ಒಂದೇ ಹಾಡನ್ನು ಒಂದೇ ಮಟ್ಟದಲ್ಲಿ ಕೇಳಿ, ನಿಮಗೆ ಅನ್ನಿಸಿದ್ದನ್ನು ಬರೆದಿಡಿ. ಹತ್ತು ಸಂಜೆಯ ನಂತರ ಎರಡು ಚೀಟಿಗಳನ್ನೂ ಒಟ್ಟಿಗೆ ನೋಡಿ. ಕಿವಿ ನಿಮ್ಮದು, ತೀರ್ಪೂ ನಿಮ್ಮದೇ. ಇದಕ್ಕಿಂತ ಪ್ರಾಮಾಣಿಕವಾದ ಪರೀಕ್ಷೆ ಇಲ್ಲ.

ನಾದದ ಮಾತು ಇಷ್ಟು. ಅರ್ಧ ಗಂಟೆ ಮುಂಚೆ ಹಾಕಿದರೆ ಸಾಕು. ಈಗ ಎಲ್ಲಕ್ಕಿಂತ ಗಂಭೀರವಾದ ವಿಷಯ. ಅಪಾಯ.

ನಮ್ಮ ಮನೆಗೆ ಬರುವ ಕರೆಂಟು 230 ವೋಲ್ಟ್. ಅದು ಅಷ್ಟೇ ಇರುತ್ತದೆ ಎಂಬ ಭರವಸೆ ಇಲ್ಲ. ಹಳ್ಳಿಯ ಕಡೆ ಇಳಿಯುತ್ತದೆ, ಏರುತ್ತದೆ. ಹೋದ ಕರೆಂಟು ತಿರುಗಿ ಬರುವಾಗ ಒಮ್ಮೆಲೇ ಜಿಗಿಯುವುದುಂಟು. ಇನ್ನೂ ಕೆಟ್ಟದ್ದು ನ್ಯೂಟ್ರಲ್ ಕಡಿದುಹೋಗುವುದು. ಕಂಬದ ಮೇಲೆ ನ್ಯೂಟ್ರಲ್ ತಂತಿ ಕಿತ್ತುಹೋದರೆ ಮನೆಗೆ 400 ವೋಲ್ಟಿನ ಸಮೀಪದವರೆಗೂ ನುಗ್ಗಬಹುದು. ಒಂದೇ ಕ್ಷಣದಲ್ಲಿ ಬೀದಿಯ ಹತ್ತು ಮನೆಯ ಟೀವಿ ಸುಟ್ಟುಹೋಗುವುದು ಹೀಗೆಯೇ. ಆ ಕ್ಷಣ ನಿಮ್ಮ ಆಂಪ್ಲಿಫೈಯರು ಆರಿದ್ದರೆ ಉಳಿಯುತ್ತದೆ. ಸ್ಟ್ಯಾಂಡ್‌ಬೈನಲ್ಲಿದ್ದರೂ ಉಳಿಯುವ ಖಾತ್ರಿ ಇಲ್ಲ.

ಮತ್ತೆ ಸಿಡಿಲು. ನಮ್ಮಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ಅಶ್ವಿನಿ, ಭರಣಿ ಮಳೆ ಗುಡುಗು ಸಿಡಿಲಿನೊಂದಿಗೇ ಬರುತ್ತದೆ. ಆಗ ಗೋಡೆಯ ಸ್ವಿಚ್ ಆರಿಸಿದರೆ ಸಾಲದು. ಆ ಸ್ವಿಚ್ಚು ಕಡಿಯುವುದು ಒಂದು ತಂತಿಯನ್ನು ಮಾತ್ರ. ನ್ಯೂಟ್ರಲ್ಲೂ ಅರ್ತಿಂಗೂ ಸೇರಿಕೊಂಡೇ ಇರುತ್ತವೆ. ಪ್ಲಗ್ಗನ್ನೇ ಎಳೆದಿಡಬೇಕು. ಆಂಟೆನಾದ ತಂತಿ, ಕೇಬಲ್ ಟೀವಿಯ ತಂತಿ ಯಂತ್ರಕ್ಕೆ ಸೇರಿದ್ದರೆ ಅವನ್ನೂ ಬಿಡಿಸಬೇಕು. ಸಿಡಿಲು ಆ ದಾರಿಯಿಂದಲೂ ಬರುತ್ತದೆ. ಸರ್ಜ್ ಪ್ರೊಟೆಕ್ಟರ್ ಸಣ್ಣ ಜಿಗಿತಗಳನ್ನು ತಡೆಯುತ್ತದೆ. ಹತ್ತಿರ ಬಿದ್ದ ಸಿಡಿಲನ್ನು ತಡೆಯಲಾರದು. ಒಂದು ಎಚ್ಚರಿಕೆ. ಇದೆಲ್ಲ ಮೋಡ ಕಟ್ಟುವಾಗಲೇ ಮಾಡಿ. ತಲೆಯ ಮೇಲೆ ಗುಡುಗುತ್ತಿರುವಾಗ ತಂತಿ, ಪ್ಲಗ್ಗು ಮುಟ್ಟಬೇಡಿ. ಯಂತ್ರ ಹೋದರೆ ಮತ್ತೊಂದು ತರಬಹುದು.

ಬೆಂಕಿಯ ಮಾತೂ ಇದೆ. ಬಹಳ ಮನೆಗಳಲ್ಲಿ ಆಂಪ್ಲಿಫೈಯರಿನ ಮೇಲೆ ಕಸೂತಿಯ ಬಟ್ಟೆ ಹೊದಿಸಿರುತ್ತಾರೆ. ಧೂಳು ಕೂರಬಾರದೆಂಬ ಪ್ರೀತಿ ಅದು. ಆದರೆ ಮೇಲ್ಭಾಗದ ಸೀಳುಗಳಿಂದಲೇ ಬಿಸಿಗಾಳಿ ಹೊರಗೆ ಹೋಗಬೇಕು. ಬಟ್ಟೆ ಹೊದಿಸಿ, ಗಾಜಿನ ಬಾಗಿಲಿನ ಕಪಾಟಿನೊಳಗಿಟ್ಟು, ಆರಿಸದೆ ಊರಿಗೆ ಹೋದರೆ ಏನು ಬೇಕಾದರೂ ಆಗಬಹುದು. ಬೆಚ್ಚಗಿರುವ ಯಂತ್ರದೊಳಗೆ ಜಿರಳೆ, ಇರುವೆ, ಹಲ್ಲಿ ಸೇರುತ್ತವೆ. ಹಲ್ಲಿಯೊಂದು ಎರಡು ತಂತಿಗಳ ನಡುವೆ ಸಿಕ್ಕಿಕೊಂಡರೆ ಸಾಕು. ಒಳಗಿನ ಒಂದು ಟ್ರಾನ್ಸಿಸ್ಟರ್ ಶಾರ್ಟ್ ಆದರೆ ನೇರ ಕರೆಂಟು ಸ್ಪೀಕರಿಗೆ ಹರಿದು ಅದರ ಸುರುಳಿ ಸುಡಬಹುದು. ಮನೆಯಲ್ಲಿ ಯಾರಾದರೂ ಇದ್ದರೆ ಸುಟ್ಟ ವಾಸನೆ ಮೂಗಿಗೆ ಬಡಿಯುತ್ತದೆ, ಓಡಿ ಆರಿಸುತ್ತಾರೆ. ಯಾರೂ ಇಲ್ಲದಿದ್ದರೆ? ಈ ಒಂದು ಪ್ರಶ್ನೆಯೇ ಸಾಕು. ಮನೆ ಬಿಡುವಾಗ, ಮಲಗುವಾಗ ಯಂತ್ರ ಆರಿರಬೇಕು.

ಈವರೆಗೆ ನಾಲ್ಕು ವಿಷಯ ನೋಡಿದೆವು. ಆಯುಸ್ಸು, ಖರ್ಚು, ನಾದ, ಅಪಾಯ. ಈಗ ನಾನು ಮೊದಲೇ ಹೇಳಿದ ಅಪವಾದಗಳು.

ಒಂದು. ನಡುವೆ ಊಟಕ್ಕೆ ಏಳುವಾಗ, ಅರ್ಧ ಮುಕ್ಕಾಲು ಗಂಟೆ ಬಿಡುವು ಕೊಡುವಾಗ ಆರಿಸಬೇಡಿ. ಸಂಜೆಗೆ ಒಂದು ಸಲ ಹಾಕಿ, ಒಂದು ಸಲ ತೆಗೆಯಿರಿ. ವಾಲ್ವ್ ಯಂತ್ರಕ್ಕೆ ಇದು ಮುಖ್ಯ. ಬಿಸಿಯಿರುವಾಗ ಆರಿಸಿ ಕೂಡಲೇ ಮತ್ತೆ ಹಾಕಬಾರದು.

ಎರಡು. ಮಲೆನಾಡಿನಲ್ಲಿ, ಕರಾವಳಿಯಲ್ಲಿ ಮಳೆಗಾಲದ ತೇವ ಯಂತ್ರಕ್ಕೆ ಶತ್ರು. ಗುಂಡಿಗಳು ಕರಕರ ಎನ್ನುತ್ತವೆ. ಬೂಷ್ಟು ಹಿಡಿಯುತ್ತದೆ. ಅಲ್ಲಿಯವರು ಮಳೆಗಾಲದಲ್ಲಿ ದಿನವೂ ಒಂದು ಗಂಟೆ ಹಾಡು ಹಾಕಿ. ಆ ಕಾವು ತೇವವನ್ನು ಓಡಿಸುತ್ತದೆ. ಒಂದು ಗಂಟೆ ಸಾಕು.

ಮೂರು. ಬಳಸದೆ ಬಿಟ್ಟ ಯಂತ್ರ. ಬಹುಕಾಲ ಕರೆಂಟು ಕಾಣದ ಕೆಪಾಸಿಟರೂ ಸೊರಗುತ್ತದೆ. ಬಳಸದಿದ್ದರೂ ತಿಂಗಳಿಗೊಮ್ಮೆ ಒಂದು ಗಂಟೆ ಹಾಕಿ. ಹತ್ತಾರು ವರ್ಷ ಅಟ್ಟದ ಮೇಲಿದ್ದ ರೇಡಿಯೊವನ್ನು ಮಾತ್ರ ನೇರವಾಗಿ ಪ್ಲಗ್ಗಿಗೆ ಹಾಕಬೇಡಿ. ಬಲ್ಲ ರಿಪೇರಿಯವರ ಬಳಿ ಒಯ್ಯಿರಿ. ಅವರ ಮೇಜಿನ ಮೇಲೆ ಒಂದು ಸೀರೀಸ್ ಬಲ್ಬ್ ಇರುತ್ತದೆ. ಹಳೆಯ 100 ವಾಟ್ ಬಲ್ಬು. ಕರೆಂಟು ಆ ಬಲ್ಬಿನ ಮೂಲಕವೇ ರೇಡಿಯೊಗೆ ಹೋಗುತ್ತದೆ. ಬಲ್ಬ್ ಪೂರ್ತಿ ಬೆಳಗಿದರೆ ಒಳಗೆ ಶಾರ್ಟ್ ಇದೆ ಎಂದರ್ಥ. ಒಮ್ಮೆ ಮಿಂಚಿ ಮಂದವಾದರೆ ರೇಡಿಯೊ ಬದುಕಿದೆ ಎಂದರ್ಥ. ಎಷ್ಟು ಸರಳ, ಎಷ್ಟು ಬುದ್ಧಿವಂತ ವಿಧಾನ ನೋಡಿ. ಎಷ್ಟೋ ಹಳೆಯ ರೇಡಿಯೊಗಳನ್ನು ಆ ಬಲ್ಬು ಉಳಿಸಿದೆ.

ಕೊನೆಯದಾಗಿ, ಹಾಕುವ ತೆಗೆಯುವ ಕ್ರಮ. ಮೊದಲು ದನಿ ಪೂರ್ತಿ ತಗ್ಗಿಸಿ. ಹಾಡು ಕೊಡುವ ಯಂತ್ರವನ್ನು ಮೊದಲು ಹಾಕಿ. ಅಂದರೆ ಸಿಡಿ ಪ್ಲೇಯರು, ಟೀವಿ, ರೆಕಾರ್ಡು ಪ್ಲೇಯರು. ಆಂಪ್ಲಿಫೈಯರನ್ನು ಕೊನೆಗೆ ಹಾಕಿ. ತೆಗೆಯುವಾಗ ಆಂಪ್ಲಿಫೈಯರನ್ನೇ ಮೊದಲು ತೆಗೆಯಿರಿ. ಹೀಗೆ ಮಾಡಿದರೆ ಸ್ಪೀಕರಿನಲ್ಲಿ 'ದಡ್' ಎಂಬ ಸದ್ದು ಬರುವುದಿಲ್ಲ. ಆ ಸದ್ದು ಸ್ಪೀಕರಿಗೆ ಬಿದ್ದ ಪೆಟ್ಟು.

ಕೇಳುಗರೇ, ಎಲ್ಲವನ್ನೂ ಕೂಡಿಸಿ ಹೇಳುತ್ತೇನೆ. ಟೆಲಿಫೋನ್ ವ್ಯವಸ್ಥೆಗೆ, ಆಸ್ಪತ್ರೆಯ ಯಂತ್ರಕ್ಕೆ, ಬಾನುಲಿ ನಿಲಯಕ್ಕೆ ಸದಾ ಎಚ್ಚರವಾಗಿರುವುದು ಧರ್ಮ. ಅವು ನಿಂತರೆ ಸಾವಿರಾರು ಜನಕ್ಕೆ ತೊಂದರೆ. ಮನೆಯ ಆಂಪ್ಲಿಫೈಯರಿಗೆ ಆ ಹೊಣೆ ಇಲ್ಲ. ಅದು ಇರುವುದು ನೀವು ಕೇಳುವ ಹೊತ್ತಿಗಾಗಿ. ಕೇಳುವ ಅರ್ಧ ಗಂಟೆ ಮುಂಚೆ ಹಾಕಿ. ಮನಸಾರೆ ಕೇಳಿ. ಮುಗಿದ ಮೇಲೆ ಆರಿಸಿ. ಮೋಡ ಕಟ್ಟಿದರೆ ಪ್ಲಗ್ಗು ಎಳೆಯಿರಿ. ಯಂತ್ರದ ಮೇಲೆ ಹೊದಿಸಿದ ಬಟ್ಟೆ ತೆಗೆಯಿರಿ.

ಇಂದು ಮಲಗುವ ಮುನ್ನ ಒಂದು ಕೆಲಸ ಮಾಡಿ. ನಿಮ್ಮ ಯಂತ್ರದ ಮೇಲೆ ಅಂಗೈ ಇಟ್ಟು ನೋಡಿ. ಹಾಡು ನಿಂತು ಗಂಟೆಗಳಾದರೂ ಅದು ಬಿಸಿಯಾಗಿದ್ದರೆ, ನಿಮ್ಮ ಹಣವೂ ಯಂತ್ರದ ಆಯುಸ್ಸೂ ಒಟ್ಟಿಗೆ ಖರ್ಚಾಗುತ್ತಿವೆ. ದಯವಿಟ್ಟು ಆರಿಸಿ.